ಮಾರ್ಪಡಿಸಿದ ಜಪಾನಿ ಕಾರುಗಳನ್ನು ನೋಡಲು ಹೊರಡುವ ಮುನ್ನ

ಕಂಪನಿಯಿಂದ ಬಂದ ಕಾರನ್ನು ಅದರ ಒಡೆಯ ತನ್ನ ಅಗತ್ಯಕ್ಕೋ ಅಭಿರುಚಿಗೋ ತಕ್ಕಂತೆ ಬದಲಿಸಿ, ಆ ಕೆಲಸವನ್ನು ಹತ್ತು ಜನರ ಮುಂದೆ ತಂದು ನಿಲ್ಲಿಸುವುದೇ ಮಾರ್ಪಡಿಸಿದ ಕಾರುಗಳ ಪ್ರದರ್ಶನ. ಜಪಾನಿನಲ್ಲಿ ಇದರ ದೊಡ್ಡ ಮೇಳ ಟೋಕಿಯೊ ಆಟೊ ಸಲೋನ್. 1983ರಲ್ಲಿ ಶುರುವಾದ ಈ ಮೇಳ ಈಗ ಜನವರಿಯಲ್ಲಿ ಟೋಕಿಯೊ ಪಕ್ಕದ ಮಕುಹಾರಿ ಮೆಸ್ಸೆಯಲ್ಲಿ ನಡೆಯುತ್ತದೆ. ಯೊಕೊಹಾಮಾದ ಡೈಕೊಕು ಪಾರ್ಕಿಂಗ್ ತಾಣದಲ್ಲಿ ಯಾರೂ ಕರೆಯದಿದ್ದರೂ ವಾರಾಂತ್ಯದ ರಾತ್ರಿ ಕಾರುಗಳು ಬಂದು ಸೇರುತ್ತವೆ. ಇಂಥ ಕಡೆಗಳಲ್ಲಿ ಜನ ಮುತ್ತಿಕೊಳ್ಳುವುದು ನಿಸಾನ್ ಸ್ಕೈಲೈನ್ ಜಿಟಿ-ಆರ್, ಟೊಯೊಟಾ ಸುಪ್ರಾ, ಮಜ್ದಾ ಆರ್‌ಎಕ್ಸ್-7, ಮಿತ್ಸುಬಿಷಿ ಲ್ಯಾನ್ಸರ್ ಎವಲ್ಯೂಷನ್, ಸುಬಾರು ಇಂಪ್ರೆಜಾ ಮುಂತಾದ ಕಾರುಗಳನ್ನು. ಅಭಿಮಾನಿಗಳು ಇವನ್ನೆಲ್ಲ ಒಟ್ಟಾಗಿ ಜೆಡಿಎಂ, ಅಂದರೆ ಜಪಾನಿನ ಒಳಮಾರುಕಟ್ಟೆಯ, ಕಾರುಗಳು ಎನ್ನುತ್ತಾರೆ.

ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯವರು ಇವನ್ನು ಹೆಚ್ಚಾಗಿ ಮೊಬೈಲ್ ಪರದೆಯಲ್ಲೇ ನೋಡಿದ್ದಾರೆ. ಅದಕ್ಕೆ ದುಡ್ಡಿನ ಜೊತೆ ಕಾನೂನೂ ಕಾರಣ. ಬಳಸಿದ ಕಾರನ್ನು ಭಾರತಕ್ಕೆ ತರಬೇಕಾದರೆ ಅದು ತಯಾರಾಗಿ ಮೂರು ವರ್ಷ ಮೀರಿರಬಾರದು. ಜನರ ಮನಸ್ಸು ಗೆದ್ದ ಆರ್34 ಸ್ಕೈಲೈನ್ ಜಿಟಿ-ಆರ್, ನಾಲ್ಕನೇ ಪೀಳಿಗೆಯ ಸುಪ್ರಾ, ಆರ್‌ಎಕ್ಸ್-7 ಮೂರರ ತಯಾರಿಕೆಯೂ 2002ರಲ್ಲೇ ನಿಂತಿದೆ. ಹಾಗಾಗಿ ಅವನ್ನು ಈಗ ತರಿಸಿ ಇಲ್ಲಿ ನೋಂದಾಯಿಸುವ ದಾರಿ ಮುಚ್ಚಿದೆ. ಕಂಪನಿಗಳೇ ಅಧಿಕೃತವಾಗಿ ಮಾರಿದ ನಿಸಾನ್ 370ಜೆಡ್, 2016ರ ಕೊನೆಯಲ್ಲಿ ಬಂದ ಜಿಟಿ-ಆರ್, ಮಿತ್ಸುಬಿಷಿಯ ಎವಲ್ಯೂಷನ್ ಟೆನ್ ಎಣಿಕೆಯಲ್ಲಿ ಕಡಿಮೆ. ಅವನ್ನು ನೋಡುವ ಅವಕಾಶ ಬೆಂಗಳೂರಿನಂಥ ಊರಿನಲ್ಲೇ ಹೆಚ್ಚು.

ಹಾಗೆಂದು ಮಲೆನಾಡಿನವರಿಗೆ ಜಪಾನಿ ಕಾರಿನ ಮಾರ್ಪಾಡು ಹೊಸದಲ್ಲ. ಈ ಸೀಮೆಯಲ್ಲಿ ಅದು ಬೇರೆ ಬಾಗಿಲಿನಿಂದ ಒಳಬಂತು.

ಮಲೆನಾಡಿನ ಜಪಾನಿ ಕಾರುಗಳು

1985ರ ಡಿಸೆಂಬರಿನಲ್ಲಿ ಬಂದ ಮಾರುತಿ ಜಿಪ್ಸಿ ಮೂಲತಃ ಸುಜುಕಿಯ ಜಿಮ್ನಿ. ಹಗುರ ಮೈ, ಫೋರ್ ವೀಲ್ ಡ್ರೈವ್, ನಾಲ್ಕೂ ಚಕ್ರಕ್ಕೆ ಲೀಫ್ ಪ್ಲೇಟು, ಮಳೆಗಾಲದ ಕೆಸರಿನಲ್ಲೂ ಜಾರುವ ಏರಿನಲ್ಲೂ ಹೂತುಹೋಗದೆ ಎದ್ದುಬರುವ ಗುಣ. ತೋಟದ ಮನೆಗಳಲ್ಲಿ ಜೀಪಿನ ಪಕ್ಕ ಜಿಪ್ಸಿ ನಿಂತದ್ದು ಇದೇ ಕಾರಣಕ್ಕೆ. ಒಂದು ಲೀಟರ್ ಎಂಜಿನ್ನಿನಿಂದ ಶುರುವಾದ ಈ ಗಾಡಿಗೆ 1990ರ ದಶಕದಲ್ಲಿ 1.3 ಲೀಟರ್ ಎಂಜಿನ್ ಬಂತು. ಬೆಟ್ಟದ ಏರಿಗೆ ಒಗ್ಗಿದ ಜನ ಅದಕ್ಕೆ ದಪ್ಪ ಕಚ್ಚಿನ ಟಯರು, ಹೆಚ್ಚುವರಿ ಲೈಟು, ಎತ್ತರಿಸಿದ ಸಸ್ಪೆನ್ಷನ್ ಹಾಕಿಸಿದರು. ರ‍್ಯಾಲಿಗೆ ಇಳಿದವರು ಅದರ ಶಾಕ್ ಅಬ್ಸಾರ್ಬರ್ ಬದಲಿಸಿ, ಒಳಗೆ ಕೊಳವೆಯ ಪಂಜರ ಕಟ್ಟಿಸಿದರು. 2019ರ ಹೊತ್ತಿಗೆ ಜಿಪ್ಸಿ ಸಾರ್ವಜನಿಕ ಮಾರಾಟದಿಂದ ಮರೆಯಾಯಿತು. ಅದರ ಜಾಗಕ್ಕೆ ಐದು ಬಾಗಿಲಿನ ಜಿಮ್ನಿ ಬಂದದ್ದು 2023ರ ಜೂನ್‌ನಲ್ಲಿ.

ಡಾಂಬರು ರಸ್ತೆಯ ಕಥೆ ಬೇರೆ. 1994ರ ಮಾರುತಿ ಎಸ್ಟೀಮ್, 1998ರ ಮೊದಲ ಹೋಂಡಾ ಸಿಟಿ, ಅದೇ ವರ್ಷ ಹಿಂದೂಸ್ತಾನ್ ಮೋಟಾರ್ಸ್ ತಮಿಳುನಾಡಿನ ತಿರುವಳ್ಳೂರಿನಲ್ಲಿ ಕಟ್ಟಿ ಮಾರಿದ ಮಿತ್ಸುಬಿಷಿ ಲ್ಯಾನ್ಸರ್, ಆಮೇಲೆ ಬಂದ ಸೀಡಿಯಾ, 2005ರ ಸ್ವಿಫ್ಟ್ – ಭಾರತದ ಮಾರ್ಪಾಡು ಪ್ರಿಯರು ಕೈ ಪಳಗಿಸಿಕೊಂಡದ್ದು ಈ ಕಾರುಗಳ ಮೇಲೆ. ಎಸ್ಟೀಮಿನ 1.3 ಲೀಟರ್ ಎಂಜಿನ್ ಸ್ವಿಫ್ಟ್‌ಗೂ ಜಿಪ್ಸಿಗೂ ಹತ್ತಿರದ ನೆಂಟ. ಹಾಗಾಗಿ ಒಂದರ ಭಾಗ ಇನ್ನೊಂದಕ್ಕೆ ಕೂರಿಸುವ ಜಾಣ್ಮೆ ಗ್ಯಾರೇಜುಗಳಲ್ಲಿ ಬೆಳೆಯಿತು. ಸಿಟಿಯ ವಿಟೆಕ್ ಮಾದರಿಗೆ ಇಂದಿಗೂ ಅಭಿಮಾನಿಗಳಿದ್ದಾರೆ. ಅದರಲ್ಲಿ ಎಂಜಿನ್ ಒಂದು ಹಂತದ ವೇಗಕ್ಕೆ ಏರಿದಾಗ ವಾಲ್ವುಗಳನ್ನು ಎತ್ತುವ ಕ್ಯಾಮ್ ಬದಲಾಗಿ, ಅವು ಹೆಚ್ಚು ಎತ್ತರಕ್ಕೆ ತೆರೆದುಕೊಳ್ಳುತ್ತವೆ. ಆಗ ಎಂಜಿನ್ನಿನ ದನಿಯೇ ಬದಲಾಗುತ್ತದೆ. ಹತ್ತಿರ ನಿಂತವರ ಕಿವಿಗೆ ಅದು ಸ್ಪಷ್ಟವಾಗಿ ಗೊತ್ತಾಗುತ್ತದೆ.

ಜಪಾನಿ ಕಾರು ನೋಡಬೇಕೆಂಬ ಆಸೆಯಿದ್ದವರು ಸ್ಕೈಲೈನ್ ಇಲ್ಲವೆಂದು ನಿರಾಶರಾಗಬೇಕಿಲ್ಲ. ಚೆನ್ನಾಗಿ ಕಟ್ಟಿದ ಒಂದು ಎಸ್ಟೀಮ್, ಚೆನ್ನಾಗಿ ಕಟ್ಟಿದ ಒಂದು ಜಿಪ್ಸಿ ಕಲಿಸುವುದು ಬಹಳ. ಅವುಗಳ ಬೋನೆಟ್ ಎತ್ತಿದರೆ ಎಲ್ಲವೂ ಕಣ್ಣಿಗೆ ಕಾಣುವಷ್ಟು ಜಾಗವಿರುತ್ತದೆ ಎಂಬುದೂ ಒಂದು ಅನುಕೂಲ.

ಎಲ್ಲಿಗೆ ಹೋಗಬೇಕು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದವರಿಗೆ ಮೊದಲು ನೆನಪಾಗಬೇಕಾದ ಜಾಗ ಜಿಲ್ಲಾ ಕೇಂದ್ರ ಚಿಕ್ಕಮಗಳೂರೇ. ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್‌ನ ಭಾರತದ ಸುತ್ತು ಕಾಫಿ ಡೇ ಹೆಸರಿನಲ್ಲಿ 2016 ಮತ್ತು 2017ರ ನವೆಂಬರಿನಲ್ಲಿ ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಯಲ್ಲಿ ನಡೆಯಿತು. ಸ್ಥಳೀಯವಾಗಿ ಅದರ ಹೊಣೆ ಹೊತ್ತದ್ದು ಚಿಕ್ಕಮಗಳೂರಿನ ಮೋಟಾರ್ ಸ್ಪೋರ್ಟ್ಸ್ ಕ್ಲಬ್. ಆ ಎರಡೂ ವರ್ಷ ಚಾಂಪಿಯನ್ ಆದ ಗೌರವ್ ಗಿಲ್ ಅದಕ್ಕೂ ಮೊದಲು 2013ರಲ್ಲೂ ಅದೇ ಪಟ್ಟ ಗೆದ್ದಿದ್ದರು. 2019ರಲ್ಲಿ ಅವರಿಗೆ ಅರ್ಜುನ ಪ್ರಶಸ್ತಿ ಬಂತು. ಮೋಟಾರ್ ಕ್ರೀಡೆಗೆ ಸಂದ ಮೊದಲ ಅರ್ಜುನ ಅದು. ಅವರು ಓಡಿಸಿದ್ದು ಸ್ಕೋಡಾ, ಜಪಾನಿ ಕಾರಲ್ಲ. ಆದರೆ ರಾಷ್ಟ್ರೀಯ ರ‍್ಯಾಲಿಗಳಲ್ಲಿ ಸೀಡಿಯಾ, ಸಿಟಿ, ಎಸ್ಟೀಮ್, ಜಿಪ್ಸಿಗಳು ವರ್ಷಗಟ್ಟಲೆ ಓಡಿವೆ. ಕಾಸರಗೋಡಿನ ಮೂಸಾ ಶರೀಫ್ ಈ ಕ್ರೀಡೆಯ ಹೆಸರಾಂತ ಸಹಚಾಲಕರು. ಪಕ್ಕದ ಸೀಟಿನಲ್ಲಿ ಕೂತು, ಮುಂದಿನ ತಿರುವು ಎಷ್ಟು ತೀಕ್ಷ್ಣ, ದಿಬ್ಬದಾಚೆ ದಾರಿ ಎತ್ತ ಹೊರಳುತ್ತದೆ ಎಂದು ಟಿಪ್ಪಣಿ ನೋಡಿ ಹೇಳುತ್ತಾ ಹೋಗುವುದು ಸಹಚಾಲಕನ ಕೆಲಸ. ಚಾಲಕ ಕಣ್ಣಿಗಿಂತ ಹೆಚ್ಚು ಆ ಮಾತನ್ನೇ ನಂಬಿ ಕಾರು ಬಿಡುತ್ತಾನೆ.

ರ‍್ಯಾಲಿಯನ್ನು ಪ್ರದರ್ಶನದ ಲೇಖನದಲ್ಲಿ ತರಲು ಕಾರಣವಿದೆ. ಪ್ರದರ್ಶನದಲ್ಲಿ ಕಾರು ಉಜ್ಜಿ ಹೊಳಪು ಕೊಟ್ಟು ನಿಂತಿರುತ್ತದೆ. ರ‍್ಯಾಲಿಯ ಸರ್ವಿಸ್ ಪಾರ್ಕ್‌ನಲ್ಲಿ ಅದೇ ಕಾರು ಚಕ್ರ ಬಿಚ್ಚಿ, ಬೋನೆಟ್ ತೆಗೆದು, ಕೆಂಪು ಮಣ್ಣು ಮೆತ್ತಿಕೊಂಡು ಸ್ಟ್ಯಾಂಡಿನ ಮೇಲೆ ಕೂತಿರುತ್ತದೆ. ಗಡಿಯಾರ ನೋಡಿಕೊಂಡು ಮೆಕ್ಯಾನಿಕ್‌ಗಳು ಕೊಟ್ಟ ಅಲ್ಪ ಸಮಯದಲ್ಲಿ ಮುರಿದದ್ದನ್ನು ಕಟ್ಟುತ್ತಾರೆ. ಯಾವ ಮಾರ್ಪಾಡು ಕೆಲಸಕ್ಕೆ ಬಂತು, ಯಾವುದು ಬರಲಿಲ್ಲ ಎಂಬುದು ಅಲ್ಲಿ ಬಯಲಾಗುತ್ತದೆ. ಸ್ಪರ್ಧೆಗೆ ಮುನ್ನ ನಡೆಯುವ ವಾಹನ ತಪಾಸಣೆ ಮತ್ತು ಬಾವುಟ ತೋರಿಸಿ ಕಳಿಸುವ ಸಮಾರಂಭವೂ ಹತ್ತಿರದಿಂದ ನೋಡಲು ಒಳ್ಳೆಯ ಹೊತ್ತು. ಮಕ್ಕಳನ್ನು ಕರೆದೊಯ್ಯುವವರಿಗೆ ಕಾಡಿನ ಸ್ಟೇಜಿಗಿಂತ, ಅಂದರೆ ಕಾರುಗಳು ಗಡಿಯಾರದ ವಿರುದ್ಧ ಓಡುವ ದಾರಿಗಿಂತ, ಈ ಸಮಾರಂಭವೇ ಮೇಲು.

ರ‍್ಯಾಲಿಯಲ್ಲದೆ ಮೈದಾನದಲ್ಲಿ ಒಬ್ಬೊಬ್ಬರಾಗಿ ಸಮಯದ ವಿರುದ್ಧ ಓಡುವ ಆಟೊಕ್ರಾಸ್, ಕೆಸರು ಮತ್ತು ಕೊರಕಲಿನಲ್ಲಿ ನಡೆಯುವ ಆಫ್ ರೋಡ್ ಸ್ಪರ್ಧೆಗಳು ಮಲೆನಾಡಿಗೆ ಪರಿಚಿತ. ಜಿಪ್ಸಿ ಮತ್ತು ಜೀಪಿನ ಮಾರ್ಪಾಡು ನೋಡಲು ಎರಡನೆಯದು ಸರಿಯಾದ ಜಾಗ. ಕೊಡಗಿನ ರೋಬಸ್ಟಾ ರ‍್ಯಾಲಿ, ಬೆಂಗಳೂರಿನ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ನ ಕೆ-1000 ರ‍್ಯಾಲಿ ದೂರದವು. ಆಸಕ್ತಿ ಗಟ್ಟಿಯಾದವರು ಅಲ್ಲಿಗೂ ಹೋಗಬಹುದು. ಮಂಗಳೂರು, ಮಣಿಪಾಲ, ಶಿವಮೊಗ್ಗದ ಎಂಜಿನಿಯರಿಂಗ್ ಕಾಲೇಜುಗಳ ಹಬ್ಬಗಳಲ್ಲಿ ಕಾರು, ಬೈಕುಗಳನ್ನು ಸಾಲಾಗಿ ನಿಲ್ಲಿಸುವುದುಂಟು. ದುಬಾರಿ ಜಪಾನಿ ಕಾರುಗಳನ್ನೇ ನೋಡಬೇಕೆಂದರೆ ಬೆಂಗಳೂರಿನ ಭಾನುವಾರ ಬೆಳಗಿನ ಕೂಟಗಳೇ ಗತಿ.

ಯಾವುದಕ್ಕೇ ಹೊರಟರೂ ಮೊದಲು ಖಾತ್ರಿ ಮಾಡಿಕೊಳ್ಳಬೇಕಾದದ್ದು ಒಂದಿದೆ. ಸ್ಪರ್ಧೆಯಾದರೆ ಭಾರತದ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ಗಳ ಒಕ್ಕೂಟದ, ಅಂದರೆ ಎಫ್‌ಎಂಎಸ್‌ಸಿಐನ ಅನುಮತಿ ಇದೆಯೇ ಎಂದು ಕೇಳಬೇಕು. ಅನುಮತಿ ಇದ್ದ ಕಡೆ ಆಂಬುಲೆನ್ಸ್, ವೈದ್ಯರು, ದಾರಿ ಕಾಯುವ ಮಾರ್ಷಲ್‌ಗಳು, ಬೆಂಕಿ ಆರಿಸುವ ಏರ್ಪಾಡು ಇರಲೇಬೇಕು. ಪೋಸ್ಟರ್ ಮಾತ್ರ ಜೋರಾಗಿದ್ದು ಇವು ಯಾವುವೂ ಕಾಣದಿದ್ದರೆ ಅಲ್ಲಿ ನಿಲ್ಲದಿರುವುದೇ ಕ್ಷೇಮ.

ಕಾಲ ಮತ್ತು ದಾರಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೃಂಗೇರಿ, ಕೊಪ್ಪದ ಮಳೆಯಲ್ಲಿ ಬಯಲು ಪ್ರದರ್ಶನದ ಮಾತೇ ಇಲ್ಲ. ಆಫ್ ರೋಡ್ ಪ್ರಿಯರಿಗೆ ಮಾತ್ರ ಅದು ಹಬ್ಬದ ಕಾಲ. ಉಳಿದವರಿಗೆ ನವೆಂಬರ್‌ನಿಂದ ಫೆಬ್ರುವರಿವರೆಗಿನ ಚಳಿಗಾಲ ಹಿತ. ತೋಟದವರಿಗೆ ಅಡಿಕೆ ಕೊಯ್ಲೂ ಕಾಫಿ ಕೊಯ್ಲೂ ಅದೇ ತಿಂಗಳುಗಳಲ್ಲಿ ಬರುವುದರಿಂದ ಭಾನುವಾರ ಬಿಡುವು ಮಾಡಿಕೊಳ್ಳುವುದು ಸುಲಭವಲ್ಲ. ಕಾರ್ಯಕ್ರಮ ಎರಡು ದಿನದ್ದಾದರೆ ಮೊದಲ ದಿನದ ತಪಾಸಣೆ ಬಿಟ್ಟು ಎರಡನೇ ದಿನದ ಸರ್ವಿಸ್ ಪಾರ್ಕ್ ಆರಿಸಿಕೊಂಡರೆ ನಷ್ಟವಿಲ್ಲ.

ಕೊಪ್ಪ ಮತ್ತು ಶೃಂಗೇರಿಯಿಂದ ಚಿಕ್ಕಮಗಳೂರಿಗೆ ಜಯಪುರ, ಬಾಳೆಹೊನ್ನೂರು, ಆಲ್ದೂರಿನ ಮೇಲೆ ಹೋಗುವ ದಾರಿ ರೂಢಿಯದು. ನರಸಿಂಹರಾಜಪುರದವರೂ ಬಾಳೆಹೊನ್ನೂರಿಗೆ ಬಂದು ಅದೇ ದಾರಿ ಹಿಡಿಯುತ್ತಾರೆ. ದೂರ ನೂರು ಕಿಲೋಮೀಟರಿಗಿಂತ ಕಡಿಮೆಯಾದರೂ ತಿರುವುಗಳ ಲೆಕ್ಕದಲ್ಲಿ ಎರಡೂವರೆ ಗಂಟೆ ಇಟ್ಟುಕೊಳ್ಳಬೇಕು. ಮುಂಜಾನೆಯ ಮಂಜಿದ್ದರೆ ಇನ್ನಷ್ಟು. ಬಸ್ಸಿನಲ್ಲಿ ಹೋಗುವವರು ಸಂಜೆಯ ಕೊನೆಯ ಬಸ್ಸಿನ ಹೊತ್ತನ್ನು ಬೆಳಗ್ಗೆಯೇ ಕೇಳಿಟ್ಟುಕೊಳ್ಳಬೇಕು. 1991ರಲ್ಲಿ ಕಾರ್ಮಿಕರೇ ಕಟ್ಟಿ ಕೊಪ್ಪದಿಂದ ನಡೆಸಿದ ಸಹಕಾರ ಸಾರಿಗೆ 2020ರಲ್ಲಿ ನಿಂತ ಮೇಲೆ ಒಳಊರುಗಳ ಸಂಪರ್ಕ ಮೊದಲಿನಷ್ಟು ನೆಚ್ಚುವಂತಿಲ್ಲ.

ಕರಾವಳಿಗೆ ಇಳಿಯುವವರಿಗೆ ಎರಡು ದಾರಿಗಳು. ಶೃಂಗೇರಿಯಿಂದ ತನಿಕೋಡು, ಕೆರೆಕಟ್ಟೆಯ ಮೇಲೆ ಕಾರ್ಕಳಕ್ಕೆ ಹೋಗುವ ಹೆದ್ದಾರಿ ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ಸಾಗುತ್ತದೆ. ಅರಣ್ಯ ಇಲಾಖೆಯ ಗೇಟಿದೆ, ಎಲ್ಲೆಂದರಲ್ಲಿ ನಿಲ್ಲಿಸುವಂತಿಲ್ಲ, ಹಾರನ್ ಮತ್ತು ಸೈಲೆನ್ಸರ್ ಸದ್ದು ಪ್ರಾಣಿಗಳಿಗೆ ತೊಂದರೆ. ಆಗುಂಬೆಯ ಮೇಲೆ ಹೋದರೆ ಘಾಟಿಯಲ್ಲಿ ಹದಿನಾಲ್ಕು ಹೇರ್‌ಪಿನ್ ತಿರುವುಗಳು. ತಗ್ಗಿಸಿದ ಕಾರು ಈ ತಿರುವುಗಳಲ್ಲಿ ಒಳಬದಿ ಹಿಡಿದರೆ ಹೊಟ್ಟೆ ಉಜ್ಜುವುದು ಖಂಡಿತ. ಕಾರು ಕೂಟದವರು ವಾರಾಂತ್ಯದಲ್ಲಿ ಕರಾವಳಿಯಿಂದ ಘಾಟಿ ಹತ್ತಿ ಬರುವುದುಂಟು. ಬೆಳಗಿನ ಹೊತ್ತು ಆಗುಂಬೆ, ಶೃಂಗೇರಿಯ ಹೋಟೆಲುಗಳ ಮುಂದೆ ಅಂಥ ಸಾಲು ಕಂಡರೆ, ಅದೇ ಒಂದು ಪುಟ್ಟ ಪ್ರದರ್ಶನ.

ಕಾರನ್ನು ಹೇಗೆ ನೋಡಬೇಕು

ಹೆಚ್ಚಿನವರು ಮೊದಲು ಬಣ್ಣ ನೋಡುತ್ತಾರೆ, ಆಮೇಲೆ ಹಿಂದಿನ ರೆಕ್ಕೆ, ಆಮೇಲೆ ಸದ್ದು. ಮಾರ್ಪಾಡಿನ ಗುಣ ತಿಳಿಯಬೇಕಾದರೆ ಚಕ್ರದಿಂದ ಶುರುಮಾಡುವುದು ಒಳ್ಳೆಯದು. ಕಾರು ನೆಲಕ್ಕೆ ತಾಗುವುದು ನಾಲ್ಕು ಅಂಗೈಯಗಲದ ರಬ್ಬರಿನಲ್ಲಿ ಮಾತ್ರ. ಟಯರಿನ ಪಕ್ಕೆಯಲ್ಲಿ 195/55 ಆರ್15 ಎಂಬಂಥ ಬರಹವಿರುತ್ತದೆ. ಮೊದಲನೆಯದು ಮಿಲಿಮೀಟರಿನಲ್ಲಿ ಅಗಲ, ಎರಡನೆಯದು ಆ ಅಗಲದ ಶೇಕಡಾ ಎಷ್ಟು ಎತ್ತರ ಎಂಬುದು, ಕೊನೆಯದು ರಿಮ್ಮಿನ ವ್ಯಾಸ ಇಂಚಿನಲ್ಲಿ. ಅದರ ಹತ್ತಿರವೇ ಉದ್ದುರುಟಾದ ಚೌಕಟ್ಟಿನಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ ಆ ಟಯರು 2019ರ ಇಪ್ಪತ್ತಮೂರನೇ ವಾರದಲ್ಲಿ ತಯಾರಾದದ್ದು. ಲಕ್ಷಗಟ್ಟಲೆ ಖರ್ಚು ಮಾಡಿದ ಕಾರಿನಲ್ಲಿ ಗಟ್ಟಿಯಾಗಿ ಬಿರುಕುಬಿಟ್ಟ ಹಳೇ ಟಯರು ಕಂಡರೆ ಒಡೆಯನ ಆದ್ಯತೆ ಯಾವುದೆಂದು ಹೇಳಬೇಕಿಲ್ಲ.

ನಂತರ ಅಲಾಯ್ ವೀಲಿನ ಕಡ್ಡಿಗಳ ನಡುವೆ ಕಣ್ಣು ಹಾಯಿಸಬೇಕು. ಎಂಜಿನ್ನಿನ ಶಕ್ತಿ ಹೆಚ್ಚಿಸಿದವರು ಬ್ರೇಕನ್ನೂ ಹೆಚ್ಚಿಸಿದ್ದಾರೆಯೇ? ಡಿಸ್ಕ್ ದೊಡ್ಡದಾಗಿದೆಯೇ, ಹಿಂದೆ ಇನ್ನೂ ಡ್ರಮ್ಮೇ ಇದೆಯೇ, ಬ್ರೇಕ್ ಹೋಸು ರಬ್ಬರಿನದೋ ಉಕ್ಕಿನ ಹೆಣಿಗೆಯದೋ? ಇಳಿಜಾರಿನಲ್ಲಿ ಮತ್ತೆ ಮತ್ತೆ ಒತ್ತಿದ ಬ್ರೇಕು ಕಾದು ಹಿಡಿತ ಕಳೆದುಕೊಳ್ಳುವ ಅನುಭವ ಘಾಟಿಯಲ್ಲಿ ಗಾಡಿ ಓಡಿಸುವ ಎಲ್ಲರಿಗೂ ಇದೆ. ಆದ್ದರಿಂದ ಈ ಪ್ರಶ್ನೆ ಕೇಳುವ ಅರ್ಹತೆ ಮಲೆನಾಡಿನವರಿಗೆ ಬೇರೆ ಯಾರಿಗಿಂತಲೂ ಹೆಚ್ಚು.

ಕಾರು ತಗ್ಗಿದ್ದರೆ ಹೇಗೆ ತಗ್ಗಿಸಿದ್ದಾರೆ ಎಂದು ಕೇಳಬೇಕು. ಎತ್ತರ ಮತ್ತು ಬಿಗಿ ಹೊಂದಿಸಬಲ್ಲ ಕಾಯಿಲೋವರ್ ಹಾಕಿಸುವುದು ಒಂದು ವಿಧಾನ. ಮೂಲ ಸ್ಪ್ರಿಂಗಿನ ಸುರುಳಿ ಕತ್ತರಿಸಿ ಕೂರಿಸುವುದು ಇನ್ನೊಂದು. ಎರಡನೆಯದರಲ್ಲಿ ಕಾರು ಗುಂಡಿಗೆ ಬಿದ್ದಾಗ ಸ್ಪ್ರಿಂಗ್ ತನ್ನ ಕೂರಿಕೆಯಿಂದ ಜಾರಬಹುದು, ಶಾಕ್ ಅಬ್ಸಾರ್ಬರ್ ಬೇಗ ಸಾಯುತ್ತದೆ. ಇದು ಅಗ್ಗದ ದಾರಿಯಷ್ಟೇ ಅಲ್ಲ, ಅಪಾಯದ ದಾರಿ. ಚಕ್ರಗಳ ತಲೆ ಒಳಕ್ಕೆ ವಾಲಿದ್ದರೆ ಅದನ್ನು ನೆಗೆಟಿವ್ ಕ್ಯಾಂಬರ್ ಎನ್ನುತ್ತಾರೆ. ಅಲ್ಪ ಪ್ರಮಾಣದಲ್ಲಿ ತಿರುವಿನ ಹಿಡಿತಕ್ಕೆ ಅದು ನೆರವು. ನೋಟಕ್ಕೆಂದೇ ಅತಿಯಾಗಿ ವಾಲಿಸಿದರೆ ಟಯರಿನ ಒಳಅಂಚು ಕೆಲವೇ ತಿಂಗಳಲ್ಲಿ ತೇಯುತ್ತದೆ, ಮಳೆಯಲ್ಲಿ ಬ್ರೇಕ್ ಹಿಡಿತ ತಪ್ಪುತ್ತದೆ.

ಜಿಪ್ಸಿಯಲ್ಲಿ ಇದರ ಉಲ್ಟಾ ಕೆಲಸ. ಅದರ ಲೀಫ್ ಪ್ಲೇಟು ಮೂಲದಲ್ಲಿ ಆಕ್ಸಲ್ಲಿನ ಕೆಳಗಿರುತ್ತದೆ. ಅದನ್ನು ಆಕ್ಸಲ್ಲಿನ ಮೇಲಕ್ಕೆ ತಂದು ಕೂರಿಸಿದರೆ ಗಾಡಿ ಹಲವು ಇಂಚು ಎದ್ದು ನಿಲ್ಲುತ್ತದೆ. ಇಂಥ ಜಿಪ್ಸಿ ಕಂಡರೆ ಬಗ್ಗಿ ಕೆಳಗೆ ನೋಡುವುದು ಸಾರ್ಥಕ. ಬ್ರೇಕ್ ಹೋಸು ಉದ್ದ ಮಾಡಿಸಿದ್ದಾರೆಯೇ, ಇಲ್ಲವಾದರೆ ಚಕ್ರ ಪೂರ್ತಿ ಇಳಿಬಿದ್ದಾಗ ಅದು ಹರಿಯುತ್ತದೆ. ಪ್ರೊಪೆಲ್ಲರ್ ಶಾಫ್ಟಿನ ಕೋನ ತೀರಾ ಕಡಿದಾಗಿದ್ದರೆ ಅದರ ಕ್ರಾಸ್ ಬೇಗ ಸವೆಯುತ್ತದೆ. ಸ್ಟೀರಿಂಗಿನ ರಾಡುಗಳ ಕೋನವನ್ನೂ ಸರಿಪಡಿಸಿರಬೇಕು. ಇವೆಲ್ಲ ಸರಿಯಿದ್ದ ಗಾಡಿಯ ಹಿಂದೆ ತಿಳಿದ ಮೆಕ್ಯಾನಿಕ್ ಇದ್ದಾನೆಂದು ಅರ್ಥ. ಅವನ ವಿಳಾಸ ಕೇಳಿಕೊಂಡರೆ ಬಂದದ್ದಕ್ಕೂ ಲಾಭ.

ಬೋನೆಟ್ ಎತ್ತಿದಲ್ಲಿ ಮೊದಲು ವೈರಿಂಗ್ ನೋಡಬೇಕು. ಟೇಪು ಸುತ್ತಿ ಬಿಟ್ಟ ಜೋಡಣೆಗಳು, ಫ್ಯೂಸಿಲ್ಲದ ಹೊಸ ಲೈಟಿನ ತಂತಿ, ಬಿಸಿ ಎಕ್ಸಾಸ್ಟಿನ ಪಕ್ಕ ಹಾದ ಪೆಟ್ರೋಲ್ ಪೈಪು – ಕಾರು ಬೆಂಕಿಗೆ ಆಹುತಿಯಾಗುವುದು ಹೆಚ್ಚಾಗಿ ಇಂಥವುಗಳಿಂದ. ಟರ್ಬೊ ಕೂರಿಸಿದ್ದರೆ, ಒಳಹೋಗುವ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಎಲ್ಲಿದೆ, ಎಣ್ಣೆ ತಣಿಸಲು ಏನು ಮಾಡಿದ್ದಾರೆ, ಎಂಜಿನ್ನಿನ ಕಂಪ್ಯೂಟರಿಗೆ ಹೊಸ ಮ್ಯಾಪ್ ಹಾಕಿಸಿದ್ದಾರೆಯೇ ಎಂದು ಕೇಳಬಹುದು. ಟರ್ಬೊ ಗಾಳಿಯನ್ನು ಒತ್ತಿ ಕಳಿಸುತ್ತದೆ. ಒತ್ತಿದ ಗಾಳಿ ಬಿಸಿಯಾಗುತ್ತದೆ. ಬಿಸಿ ಹೆಚ್ಚಾದಾಗ ಪೆಟ್ರೋಲ್ ಹೊತ್ತಿಗೆ ಮುಂಚೆಯೇ ಸಿಡಿದು ಪಿಸ್ಟನ್ ಒಡೆಯುತ್ತದೆ. ಆದ್ದರಿಂದ ಟರ್ಬೊ ಎಂದರೆ ಒಂದೇ ಭಾಗದ ಖರ್ಚಲ್ಲ, ಅದರ ಹಿಂದೆ ಒಂದು ಸರಣಿ ಕೆಲಸವಿದೆ. ಆ ಸರಣಿಯ ಪ್ರತಿ ಕೊಂಡಿಯನ್ನೂ ಒಡೆಯ ಬಿಡಿಸಿ ಹೇಳಬಲ್ಲನಾದರೆ ಆ ಕಾರು ಪ್ರದರ್ಶನದ ನಿಜವಾದ ಆಕರ್ಷಣೆ, ಅದರ ಬಣ್ಣ ಮಾಸಿದ್ದರೂ ಸರಿ.

ರ‍್ಯಾಲಿ ಕಾರಿನಲ್ಲಿ ಗಮನಿಸಬೇಕಾದ ಸಣ್ಣ ಗುರುತುಗಳಿವೆ. ಹೊರಮೈಯಲ್ಲಿ ನೀಲಿ ತ್ರಿಕೋನದೊಳಗೆ ಕೆಂಪು ಮಿಂಚಿನ ಚಿಹ್ನೆ ಇದ್ದ ಕಡೆ, ಹೊರಗಿನಿಂದಲೇ ಇಡೀ ಕಾರಿನ ವಿದ್ಯುತ್ ಕಡಿಯುವ ಸ್ವಿಚ್ಚಿರುತ್ತದೆ. ಕೆಂಪು ಅಂಚಿನ ಬಿಳಿ ವೃತ್ತದಲ್ಲಿ ‘ಇ’ ಎಂಬ ಇಂಗ್ಲಿಷ್ ಅಕ್ಷರವಿದ್ದರೆ ಅದು ಬೆಂಕಿ ನಂದಿಸುವ ಸಾಧನದ ಜಾಗ. ಒಳಗಿನ ಪಂಜರದ ಕೊಳವೆಗಳು ಛಾವಣಿ ಮತ್ತು ನೆಲಕ್ಕೆ ಸೇರುವಲ್ಲಿ ಬೆಸುಗೆ ಸಮನಾಗಿ, ಸುತ್ತಲೂ ಪೂರ್ತಿ ಇದೆಯೇ ಎಂದು ನೋಡಬೇಕು. ಎಂಜಿನ್ನಿನ ಕೆಳಗಿನ ದಪ್ಪ ತಗಡು, ಸಂಪ್ ಗಾರ್ಡ್, ಕಲ್ಲಿನ ಏಟಿಗೆ ಎಷ್ಟು ತಗ್ಗಿದೆ ಎಂಬುದು ಆ ದಿನದ ಸ್ಟೇಜ್ ಎಂಥದಿತ್ತು ಎಂಬುದನ್ನು ಹೇಳುತ್ತದೆ.

ಎಲ್ಲಿ ನಿಲ್ಲಬೇಕು, ಹೇಗಿರಬೇಕು

ರ‍್ಯಾಲಿಯ ಸ್ಟೇಜ್ ನೋಡುವವರು ಜಾಗ ಆರಿಸುವಲ್ಲಿ ಬಹಳ ಎಚ್ಚರವಾಗಿರಬೇಕು. ತಿರುವಿನ ಹೊರಬದಿ ಅತ್ಯಂತ ಅಪಾಯದ ಜಾಗ, ಹಿಡಿತ ತಪ್ಪಿದ ಕಾರು ಅತ್ತಲೇ ನುಗ್ಗುತ್ತದೆ. ನೇರ ದಾರಿ ಮುಗಿದು ತಿರುವು ಶುರುವಾಗುವ ಕಡೆ ಎದುರಿಗೆ ನಿಲ್ಲುವುದೂ ಅಷ್ಟೇ ತಪ್ಪು. ದಿಬ್ಬದ ಮೇಲೆ, ದಾರಿಯಿಂದ ಎತ್ತರದಲ್ಲಿ, ಮಾರ್ಷಲ್ ಕಟ್ಟಿದ ಟೇಪಿನ ಹಿಂದೆ ನಿಲ್ಲಬೇಕು. ಹಿಂದೆ ಸರಿಯಲು ಜಾಗವಿರಬೇಕು. ತೋಟದ ಬೇಲಿ, ಕಾಫಿ ಗಿಡ, ಚರಂಡಿ ಹಿಂದಿದ್ದರೆ ಓಡುವುದಾಗದು. ಸ್ಪರ್ಧೆಗೆ ಮುನ್ನ ದಾರಿ ತೆರವಾಗಿದೆಯೇ ಎಂದು ನೋಡಲು ಸೊನ್ನೆ ಸಂಖ್ಯೆಯ ಅಧಿಕೃತ ಕಾರು ಹಾದುಹೋಗುತ್ತದೆ. ಆಮೇಲೆ ಸ್ಪರ್ಧಿಗಳು ನಿಗದಿತ ಅಂತರದಲ್ಲಿ ಒಬ್ಬೊಬ್ಬರಾಗಿ ಬರುತ್ತಾರೆ. ಒಂದು ಕಾರು ಹೋದ ಕೂಡಲೇ ದಾರಿ ದಾಟುವ ಯೋಚನೆ ಬೇಡ. ಎಲ್ಲ ಮುಗಿಯಿತೆಂದು ಹೇಳುವುದು ಕೊನೆಯಲ್ಲಿ ಬರುವ ಅಧಿಕೃತ ಗಾಡಿ, ಜನರ ಊಹೆಯಲ್ಲ. ಸಾಕುನಾಯಿಗಳನ್ನು ಕಟ್ಟಿಹಾಕುವಂತೆ, ಹಸುಗಳನ್ನು ಆ ಹೊತ್ತಿಗೆ ಬಿಡದಂತೆ ಸುತ್ತಲಿನ ಮನೆಯವರಿಗೆ ಹೇಳುವುದೂ ನೋಡಲು ಬಂದವರು ಮಾಡಬಹುದಾದ ಉಪಕಾರ.

ಸ್ಟೇಜ್‌ಗಳ ನಡುವಿನ ಸಾರ್ವಜನಿಕ ರಸ್ತೆಯಲ್ಲಿ ರ‍್ಯಾಲಿ ಕಾರುಗಳಿಗೂ ಸಾಮಾನ್ಯ ಸಂಚಾರ ನಿಯಮವೇ ಅನ್ವಯ. ಅಲ್ಲಿ ಅವುಗಳ ಬೆನ್ನು ಹತ್ತುವುದು, ಪೈಪೋಟಿಗೆ ಇಳಿಯುವುದು ಮೂರ್ಖತನ.

ನಿಂತ ಕಾರುಗಳ ಪ್ರದರ್ಶನದಲ್ಲಿ ಮರ್ಯಾದೆ ಸರಳವಾದದ್ದು. ಕೇಳದೆ ಮುಟ್ಟಬಾರದು, ಬಾಗಿಲಿಗೆ ಒರಗಬಾರದು. ಪ್ಯಾಂಟಿನ ಗುಂಡಿ, ಬೆಲ್ಟಿನ ಬಕಲ್, ಬ್ಯಾಗಿನ ಜಿಪ್ಪು ಬಣ್ಣಕ್ಕೆ ಗೀರು ಹಾಕುತ್ತವೆ. ಮಕ್ಕಳ ಕೈ ಹಿಡಿದಿರಬೇಕು. ‘ರೇಸ್ ಮಾಡಿ ತೋರಿಸಿ’ ಎಂದು ಒತ್ತಾಯಿಸಬಾರದು, ನಿಂತಲ್ಲೇ ಎಂಜಿನ್ ಚೀರಿಸಿದರೆ ಅದಕ್ಕೂ ಕೇಡು, ಪಕ್ಕದ ಮನೆಯವರಿಗೂ ಕಿರಿಕಿರಿ. ಬೆಲೆ ಎಷ್ಟಾಯಿತು ಎಂಬುದಕ್ಕಿಂತ ಯಾಕೆ ಹೀಗೆ ಮಾಡಿಸಿದಿರಿ ಎಂದು ಕೇಳಿದರೆ ಒಡೆಯರು ಮನಬಿಚ್ಚಿ ಮಾತಾಡುತ್ತಾರೆ. ಫೋಟೊ ಹಾಕುವಾಗ ನಂಬರ್ ಪ್ಲೇಟ್ ಮರೆಮಾಡುವುದು ಸೌಜನ್ಯ. ಮಣ್ಣುದಾರಿಯ ಕಾರ್ಯಕ್ರಮಕ್ಕೆ ಚಪ್ಪಲಿಗಿಂತ ಶೂ ಒಳ್ಳೆಯದು. ಧೂಳಿಗೆ ಕರವಸ್ತ್ರ, ಕುಡಿಯಲು ನೀರು ಜೊತೆಗಿರಲಿ.

ತನ್ನ ಕಾರಿಗೂ ಮಾಡಿಸುವ ಮುನ್ನ

ಪ್ರದರ್ಶನದಿಂದ ಮರಳಿದವರ ಕೈ ಮರುದಿನವೇ ತುರಿಸುತ್ತದೆ. ಅದಕ್ಕೆ ಮೊದಲು ಕಾನೂನು ತಿಳಿದಿರಬೇಕು. ಮೋಟಾರು ವಾಹನ ಕಾಯ್ದೆಯ 52ನೇ ವಿಧಿಯ ಪ್ರಕಾರ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಕ್ಕೂ ಆರ್‌ಸಿಯಲ್ಲಿರುವ ವಿವರಕ್ಕೂ ವ್ಯತ್ಯಾಸ ಬರುವಂತೆ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ವಿಧಿಯಡಿ ಇಂಥ ಬದಲಾವಣೆ ಮಾಡಿಸಿದ ಒಡೆಯನಿಗೆ ಆರು ತಿಂಗಳವರೆಗೆ ಸಜೆ, ಇಲ್ಲವೇ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಸಾರ್ವಜನಿಕ ರಸ್ತೆಯಲ್ಲಿ ವೇಗದ ಪೈಪೋಟಿ ನಡೆಸಿದರೆ 189ನೇ ವಿಧಿ, ಸದ್ದು ಮತ್ತು ಹೊಗೆಯ ಮಿತಿ ಮೀರಿದರೆ 190ನೇ ವಿಧಿ. ಕಿಟಕಿಗೆ ಕಪ್ಪು ಫಿಲ್ಮ್ ಅಂಟಿಸುವುದನ್ನು ಸುಪ್ರೀಂ ಕೋರ್ಟ್ 2012ರಲ್ಲೇ ನಿಷೇಧಿಸಿತು. ಮುಂದಿನ ಉಕ್ಕಿನ ಬುಲ್ ಬಾರ್‌ಗಳ ವಿರುದ್ಧ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿ ಆದೇಶ ಹೊರಡಿಸಿತು. ತೋಟದ ಗಾಡಿಗಳಲ್ಲಿ ಇವೆರಡೂ ಇನ್ನೂ ಕಾಣುತ್ತವೆ ಎಂಬುದು ರಕ್ಷಣೆಯಾಗದು.

ಬಣ್ಣ ಬದಲಿಸಬೇಕಾದರೆ ಸಾರಿಗೆ ಕಚೇರಿಯ ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ನಮೂದಿಸಬೇಕು. ಎಂಜಿನ್ ಬದಲಿಸುವುದಕ್ಕೂ ಮುಂಚಿತವಾಗಿಯೇ ಅನುಮತಿ ಬೇಕು. ಬೇರೆ ಬಗೆಯ ಎಂಜಿನ್ ತಂದು ಕೂರಿಸಿ ಆಮೇಲೆ ಕಾಗದಪತ್ರ ನೋಡೋಣ ಎಂದವರ ಕಾರು ಗ್ಯಾರೇಜಿನ ಮೂಲೆಯಲ್ಲೇ ಉಳಿಯುತ್ತದೆ. ಕಾರಿಗೆ 15 ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ಆಗ ಅಧಿಕಾರಿ ಕಾರನ್ನೇ ಎದುರು ನಿಲ್ಲಿಸಿ ನೋಡುತ್ತಾರೆ. ಎಸ್ಟೀಮ್, ಹಳೇ ಸಿಟಿ, ಲ್ಯಾನ್ಸರ್‌ಗಳಲ್ಲಿ ಹೆಚ್ಚಿನವು ಈ ವಯಸ್ಸು ದಾಟಿರುವುದರಿಂದ, ಅವನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮೊದಲು ಆರ್‌ಸಿಯ ಅವಧಿ ನೋಡಬೇಕು. ಚಾಸಿ ಮತ್ತು ಎಂಜಿನ್ ಸಂಖ್ಯೆ ಕಾಗದದೊಂದಿಗೆ ಹೊಂದುತ್ತದೆಯೇ ಎಂದು ಖುದ್ದು ಓದಿ ತಾಳೆ ಹಾಕಬೇಕು.

ವಿಮೆಯ ವಿಷಯವನ್ನು ಹೆಚ್ಚಿನವರು ಮರೆಯುತ್ತಾರೆ. ತಿಳಿಸದೆ ಮಾಡಿಸಿದ ಮಾರ್ಪಾಡು ಅಪಘಾತವಾದಾಗ ಪರಿಹಾರಕ್ಕೆ ಅಡ್ಡ ಬರಬಹುದು. ಸಾಮಾನ್ಯ ಪಾಲಿಸಿಯಲ್ಲಿ ಸಂಘಟಿತ ರೇಸ್ ಮತ್ತು ವೇಗ ಪರೀಕ್ಷೆಯ ವೇಳೆ ಆದ ಹಾನಿಗೆ ರಕ್ಷಣೆಯಿಲ್ಲ. ಮನೆಯ ಕಾರನ್ನೇ ಆಟೊಕ್ರಾಸಿಗೆ ಇಳಿಸುವ ಉಮೇದಿದ್ದವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಕಾನೂನಿನ ಚೌಕಟ್ಟಿನೊಳಗೂ ಮಾಡಬಹುದಾದ ಕೆಲಸ ಸಾಕಷ್ಟಿದೆ. ಕಂಪನಿ ಸೂಚಿಸಿದ ಅಳತೆಯಲ್ಲೇ ಉತ್ತಮ ಟಯರು, ಒಳ್ಳೆಯ ಬ್ರೇಕ್ ಪ್ಯಾಡು, ಹೊಸ ಬ್ರೇಕ್ ಆಯಿಲ್, ಸವೆದ ಬುಷ್ ಮತ್ತು ಶಾಕ್ ಅಬ್ಸಾರ್ಬರ್ ಬದಲಾವಣೆ, ಸರಿಯಾದ ವೀಲ್ ಅಲೈನ್‌ಮೆಂಟ್, ಗಟ್ಟಿ ಹಿಡಿತದ ಸೀಟು. ಇಪ್ಪತ್ತು ವರ್ಷ ಹಳೆಯ ಸಿಟಿಗೆ ಇಷ್ಟು ಮಾಡಿಸಿ ಬಾಳೆಹೊನ್ನೂರಿನಿಂದ ಆಲ್ದೂರಿನವರೆಗೆ ಓಡಿಸಿದರೆ ಕಾರಿನ ನಡೆಯಲ್ಲಿ ಆದ ವ್ಯತ್ಯಾಸ ತಿರುವು ತಿರುವಿನಲ್ಲೂ ತಿಳಿಯುತ್ತದೆ. ಬಿಚ್ಚಿದ ಮೂಲ ಭಾಗಗಳನ್ನು, ಸೈಲೆನ್ಸರ್, ಸ್ಪ್ರಿಂಗ್, ರಿಮ್ಮು ಯಾವುದೇ ಇರಲಿ, ಗುಜರಿಗೆ ಹಾಕದೆ ಎಣ್ಣೆ ಒರೆಸಿ ಮಳೆ ತಾಗದ ಕಡೆ ಎತ್ತಿಡಬೇಕು. ತಯಾರಿಕೆ ನಿಂತ ಲ್ಯಾನ್ಸರ್, ಎಸ್ಟೀಮ್‌ಗಳ ಭಾಗಗಳು ಮತ್ತೆ ಬೇಕೆಂದಾಗ ಸುಲಭವಾಗಿ ಸಿಗುವುದಿಲ್ಲ. ಕಾರು ಮಾರುವ ದಿನ ಬಂದಾಗ ಕೊಳ್ಳುವವರು ಮೊದಲು ಕೇಳುವುದೂ ಅವನ್ನೇ.